ಕೊಸರು

ಎಷ್ಟು ಅಂತ ಕೂಗಲಿ ಅಜ್ಜೀ, ಎಂದೆ ಮೊದಲ ದಿನ.
ಒಂದು ಡಾಲರು, ಎಂದಳು ಚೆನೆಸಾಯಿ ಅಜ್ಜಿ.
ನಿನ್ನೆಯೂ ಒಂದು, ನಾಳೆಯೂ ಒಂದು.
ಅದಕ್ಕಿಂತ ಸಣ್ಣ ಕಾಸು
ಈ ಹರಾರೆಯಲ್ಲಿ ಯಾರ ಜೇಬಿನಲ್ಲೂ ಇಲ್ಲ.

ಹಾಗಾದರೆ ಲೆಕ್ಕ ಸುಲಭ, ಅಂದುಕೊಂಡೆ.

ಅಂದು ಗುಡ್ಡೆಗೆ ಒಂಬತ್ತು ಟೊಮೆಟೊ:
ಕೆಳಗೆ ಐದು, ಅದರ ಮೇಲೆ ಮೂರು, ತುದಿಗೊಂದು.
ತುದಿಯದು ಯಾವಾಗಲೂ ಚೆಲುವಿ, ತೊಟ್ಟು ಬಾಡದವಳು.
ಮಂಗಳವಾರ ಮುಟೊಕೊ ದಾರಿಯಲ್ಲಿ ಸೇತುವೆ ಮುಳುಗಿತು.
ನಾಲ್ಕು ಲಾರಿ ಬರುವಲ್ಲಿ ಒಂದು ಬಂತು,
ಅದೂ ಬಿಸಿಲೇರಿದ ಮೇಲೆ.
ಅಜ್ಜಿ ಏನೂ ಹೇಳಲಿಲ್ಲ. ಕೈಚಾಚಿ
ಗುಡ್ಡೆಗೆ ನಾಲ್ಕರಂತೆ ಹಣ್ಣು ತೆಗೆದು ಬುಟ್ಟಿಗೆ ಮರಳಿಸಿದಳು.
ಬೆಲೆ ಏರಲಿಲ್ಲ.
ಗುಡ್ಡೆ ಸವೆಯಿತು.

ಅನ್ಯಾಯ ಅಲ್ಲವೇ ಅಜ್ಜೀ?
ನ್ಯಾಯ ಬೇಕಿದ್ದರೆ ಹೊಳೆಯನ್ನು ಕೇಳು, ಎಂದಳು,
ನನ್ನ ಹತ್ತಿರ ಬರೀ ಟೊಮೆಟೊ ಇದೆ.

ಪಕ್ಕದ ತವೊಂಗನ ಅಮ್ಮ ಆರು ಇಟ್ಟಳು.
ನಾವೂ ಆರು ಇಟ್ಟೆವು.
ಅವಳು ಏಳು ಇಟ್ಟು ಅತ್ತ ತಿರುಗಿ ಕೂತಳು.
ಅಜ್ಜಿ ಬೆರಳು ಮಡಚಿ ಮಡಚಿ ಎಣಿಸಿದಳು:
ಲಾರಿಯವನ ಪಾಲು, ಜಾಗದ ಸುಂಕ, ಗಾಡಿ ತಳ್ಳಿದ ಹುಡುಗ.
ಏಳಕ್ಕೆ ಹೋದರೆ ನಾವೇ ಮಾರಿಹೋಗುತ್ತೇವೆ, ಎಂದು
ಸೆರಗಲ್ಲಿ ಕೈ ಒರೆಸಿ ಸುಮ್ಮನಾದಳು.
ಮಧ್ಯಾಹ್ನಕ್ಕೆ ತವೊಂಗನ ಅಮ್ಮನ ಚೀಲ ಖಾಲಿ, ಗಂಟೂ ಖಾಲಿ.
ಮರುದಿನ ಅವಳದೂ ಐದು.
ಇಬ್ಬರೂ ಒಂದೇ ತಟ್ಟೆಯಲ್ಲಿ ಸಾದ್ಜಾ ಮುದ್ದೆ ಉಂಡರು.

ರಾತ್ರಿ ನೋಟು ತೊಳೆಯುವುದು ನನ್ನ ಕೆಲಸ.
ಬೆವರು, ಮೀನು, ಬಸ್ಸಿನ ಗ್ರೀಸು, ಎದೆಯೊಳಗೆ ಬಚ್ಚಿಟ್ಟ ಬಿಸಿ,
ಎಲ್ಲ ಸೋಪಿನ ನೀರಿಗೆ ಬಿಟ್ಟು
ತಂತಿಯ ಮೇಲೆ ಕ್ಲಿಪ್ಪು ಹಾಕಿ ಹರವುತ್ತೇನೆ.
ಯಾವುದೋ ದೂರದ ದೇಶದ ಗಡ್ಡದ ಮುದುಕರು
ನಮ್ಮ ಲಂಗದ ಪಕ್ಕ ತೂಗುತ್ತಾ ಒಣಗುತ್ತಾರೆ.
ಈ ಕಾಗದಕ್ಕೆ ಇಷ್ಟು ಮರ್ಯಾದೆ ಯಾಕೆ, ಎಂದರೆ
ಅಜ್ಜಿ ಮೇಜಿನ ಕುಂಟು ಕಾಲು ತೋರಿಸಿದಳು.
ಅದರಡಿ ಮಡಚಿಟ್ಟಿತ್ತು ನಮ್ಮದೇ ಹಳೆಯ ನೋಟು,
ಒಂದರ ಮುಂದೆ ಹನ್ನೆರಡೋ ಹದಿಮೂರೋ ಸೊನ್ನೆ.
ಮೂವತ್ತೊಂದು ವರ್ಷ ಮಕ್ಕಳಿಗೆ ಸೊನ್ನೆ ಕಲಿಸಿದೆ, ಎಂದಳು,
ಪಿಂಚಣಿಯಲ್ಲಿ ಅದನ್ನೇ ವಾಪಸು ಕೊಟ್ಟರು.
ನಾಳೆಯೂ ಇನ್ನೊಬ್ಬಳು ಇಸಕೊಳ್ಳುತ್ತಾಳೆ ಅನ್ನುವ ತನಕ ದುಡ್ಡು.
ಆಮೇಲೆ, ನೋಡು, ಮೇಜು ಅಲುಗಾಡುವುದಿಲ್ಲ.

ಸಂಜೆ ಐದರ ಮೇಲೆ ಹಣ್ಣಿಗೂ ಗಡಿಯಾರ ಕೇಳಿಸುತ್ತದೆ.
ಬೆಳಿಗ್ಗೆ ಐದಿದ್ದ ಗುಡ್ಡೆ ಎಂಟಾಗುತ್ತದೆ, ಹತ್ತಾಗುತ್ತದೆ.
ಹಣ್ಣು ಅದೇ; ಹೊತ್ತು ಬೇರೆ.
ಅದಕ್ಕೇ ಕೆಲವರು ಬೇಕೆಂದೇ ಕತ್ತಲಾಗಲೆಂದು
ಗೋಡೆಗೊರಗಿ ಕಾಯುತ್ತಾರೆ.
ಅವರ ಕಾಯುವಿಕೆಗೂ ಒಂದು ಬೆಲೆ ಇದೆ, ಎಂದಳು ಅಜ್ಜಿ,
ಕಡೆಯ ಬಸ್ಸು ತಪ್ಪಿದಾಗ ಗೊತ್ತಾಗುತ್ತದೆ.
ನಿನಗೂ ಇದೆ. ಈಗ ಪರೀಕ್ಷೆಗೆ ಕೂರಬೇಕಿದ್ದವಳು
ಇಲ್ಲಿ ಕೂತಿದ್ದೀಯ.
ಆಮೇಲೆ ಬಹಳ ಹೊತ್ತು ನಾವು ಮಾತಾಡಲಿಲ್ಲ.

ಒಂದು ಮಾತ್ರ ನನಗಿನ್ನೂ ತಿಳಿದಿಲ್ಲ.
ಕೊಂಡವರ ಚೀಲಕ್ಕೆ ಅಜ್ಜಿ ಕೊನೆಗೊಂದು ಹಣ್ಣು ಎಸೆಯುತ್ತಾಳೆ, ಕೊಸರು.
ಅದು ದಾನವಲ್ಲ ಹುಚ್ಚಿ, ನಾಳೆಯ ಗಿರಾಕಿಗೆ ಇಂದೇ ಕೊಟ್ಟ ಮುಂಗಡ.
ಸರಿ. ಅಜ್ಜಿ ಜ್ವರದಲ್ಲಿ ಮಲಗಿದ ದಿನ
ಬೆನ್ನಿಗೆ ಕೂಸು ಕಟ್ಟಿಕೊಂಡ ಒಬ್ಬಳು ಬಂದಳು.
ಗಡಿ ದಾಟಿ ಹೋಗುವವಳು, ಇತ್ತ ಮತ್ತೆ ಬರುವವಳಲ್ಲ, ಅವಳೇ ಹೇಳಿದಳು.
ನಾನು ಕೊಸರು ಹಾಕಿದೆ. ಎರಡು.

ರಾತ್ರಿ ಅಜ್ಜಿ ಬುಟ್ಟಿ ಎಣಿಸಿದಳು, ಮತ್ತೆ ಎಣಿಸಿದಳು.
ಯಾರಿಗೆ, ಎಂದಳು. ಹೇಳಿದೆ.
ಬೈಯಲಿಲ್ಲ.
ಬೆಳಿಗ್ಗೆ ಮೊದಲ ಎರಡು ಗುಡ್ಡೆಯಲ್ಲಿ
ಒಂದೊಂದು ಕಡಿಮೆ ಇತ್ತು.
ತುದಿಯ ಚೆಲುವಿಯನ್ನು ಒರೆಸಿ, ಹೊಳಪು ಬರಿಸಿ,
ನೀನೇ ಕೂಗು, ಎಂದಳು.
ಕೂಗಿದೆ:
ಒಂದು ಡಾಲರು! ಒಂದೇ ಡಾಲರು!