ಹಿತ್ತಾಳೆ ಗೆರೆಯ ಈಚೆಗೆ

ಬ್ರಿಸ್ಟಲ್ ಪೇಟೆಯ ಸ್ಟೇಟ್ ಸ್ಟ್ರೀಟಿನ ನಟ್ಟನಡುವೆ
ಹಿತ್ತಾಳೆ ಬಿಲ್ಲೆಗಳನ್ನು ಸಾಲಾಗಿ ಹೂತಿದ್ದಾರೆ:
ಬಡಗಲಿಗೆ ವರ್ಜೀನಿಯಾ, ತೆಂಕಲಿಗೆ ಟೆನೆಸಿ.
ನಾಯಿಗಳಿಗೆ ಇದು ಗೊತ್ತಿಲ್ಲ.
ವರ್ಲೀನ್ ಸ್ಟ್ಯಾಲರ್ಡಳಿಗೆ ಗೊತ್ತು:
ಬಡಗಲ ಸಾಲಿನಲ್ಲಿ ಅವಳ ಚೌಕಟ್ಟಿನ ಅಂಗಡಿ,
ಎದುರಿಗೇ, ಗೆರೆಯಾಚೆ, ಅಣ್ಣ ಆರ್ಬಿನ್ ಕ್ಷೌರ ಮಾಡುತ್ತಾನೆ.

ಜನವರಿಯ ಶನಿವಾರ. ರಿಚ್ಮಂಡಿನಲ್ಲಿ ಯಾರೋ
ಕೈಯೆತ್ತಿ ಪ್ರಮಾಣ ಮಾಡುತ್ತಿದ್ದಾರೆ;
ರೇಡಿಯೋ ಅದನ್ನು ಕೆಮ್ಮುತ್ತ ಹೇಳುತ್ತಿದೆ.
ಇವಳು ಇಕ್ಕಳ ಹಿಡಿದು, ಕಚೇರಿಯಿಂದ ಬಂದ ಗವರ್ನರ ಪಟವನ್ನು
ಬೋರಲು ಹಾಕಿ ಮೊಳೆ ಕೀಳುತ್ತಾಳೆ.
"ನಾಲ್ಕು ವರ್ಷಕ್ಕೆ ನಾಲ್ಕು ಮೊಳೆ," ಅನ್ನುತ್ತಾಳೆ,
"ಲೆಕ್ಕ ಚುಕ್ತಾ."

ನಾನು ಒಡೆದ ಗಾಜು ಹಾಕಿಸಲು ಬಂದವಳು,
ಇಲ್ಲಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ದಾದಿ,
ಗೆರೆಯ ಯಾವ ಮಗ್ಗುಲಲ್ಲೂ ಮತವಿಲ್ಲದವಳು.
ನನಗೆ ಗೊತ್ತಿದ್ದ ರಾಜ್ಯಪಾಲರು ದಿಲ್ಲಿಯಿಂದ ಬಂದಿಳಿಯುವವರು,
ಲಕೋಟೆಯ ಹಾಗೆ, ಯಾರದೋ ಕೈಬರಹ ಹೊತ್ತು.
ಇವರೋ ಬಾಗಿಲು ಬಾಗಿಲು ತಟ್ಟಿ,
ಕಂಡವರ ಕೂಸು ಎತ್ತಿ,
ಈ ಅಂಗಡಿಯಲ್ಲೇ ಒಣಗಿದ ಬಿಸ್ಕತ್ತು ತಿಂದು
ರುಚಿಯಾಗಿದೆ ಎಂದು ಸುಳ್ಳಾಡಿ,
ಹೋದ ನವೆಂಬರಿನಲ್ಲಿ ತಲೆ ಎಣಿಸಿಕೊಂಡು ಗೆದ್ದವರು.

"ಇವರೇ ಮತ್ತೆ ನಿಲ್ಲಬಹುದೇ?"
"ಬೆನ್ನಿಗೇ ಆಗದು. ಕುರ್ಚಿ ಬಿಸಿಯಿದ್ದಾಗಲೇ ಏಳಬೇಕು.
ಬೇಕಿದ್ದರೆ ಒಂದಾಟ ಹೊರಗೆ ಕೂತು ಬರಲಿ,
ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದ ಹುಡುಗಿಯ ಹಾಗೆ."

ಆಮೇಲೆ ತೋರಿಸಿದಳು.
ಹಳೆಯ ಮುಖವನ್ನು ಅವಳು ಎಸೆಯುವುದಿಲ್ಲ,
ಹೊಸದರ ಹಿಂದಕ್ಕೆ ತುರುಕುತ್ತಾಳೆ.
ರಟ್ಟಿಗೆ ಯಾಕೆ ದುಡ್ಡು ದಂಡ?
ಒಬ್ಬರ ಬೆನ್ನಿಗೊಬ್ಬರು, ಏಳು ನಗೆಗಳು
ಕತ್ತಲಲ್ಲಿ ಒತ್ತಿಕೊಂಡು ನಿಂತಿವೆ,
ಮುಂದಿನವರು ಸೊಟ್ಟಗಾಗದ ಹಾಗೆ.
"ಇವರಲ್ಲಿ ಯಾರಾದರೂ ತಿರುಗಿ ಗೆದ್ದು ಬಂದರೆ
ಪಟ ತರಿಸುವ ಖರ್ಚಿಲ್ಲ,
ಇಲ್ಲಿಂದಲೇ ಎಳೆದುಕೊಳ್ಳುತ್ತೇನೆ."

ಎದುರುಗಡೆ ಆರ್ಬಿನ್ ಕತ್ತರಿ ಎತ್ತಿ ಕೈಬೀಸಿದ.
ಆ ದಡದ ಚುನಾವಣೆಗೆ ಇನ್ನೂ ಹತ್ತು ತಿಂಗಳು.
ಅಲ್ಲಿ ಗೆದ್ದವರು ಬೆನ್ನಿಗೇ ಇನ್ನೊಮ್ಮೆ ನಿಂತು ಗೆಲ್ಲಬಹುದು;
ಎಂಟು ವರ್ಷ, ಅದೇ ಮೂಗು, ಅದೇ ಟೈ.
"ನಮ್ಮಣ್ಣನ ಅಂಗಡಿಯ ಪಟ ನೋಡು,
ಗಾಜು ಒರೆಸುವುದೊಂದೇ ಕೆಲಸ," ಅಂದಳು.
ಆ ನಗೆಯಲ್ಲಿ ಇದ್ದದ್ದು
ಅಸೂಯೆಯೋ ಕನಿಕರವೋ, ತಿಳಿಯಲಿಲ್ಲ.

ಕೊನೆಯ ಮೊಳೆಗೆ ಅವಳಿಗೊಂದು ಕೈ ಸಾಲದಾಯಿತು.
"ಗಾಜು ಹಿಡಿದುಕೋ," ಅಂದಳು. ಹಿಡಿದುಕೊಂಡೆ.
ಬಡಿದಳು. ತಿರುಗಿಸಿ ಎತ್ತಿ ನಿಲ್ಲಿಸಿದಳು.

ಹೊಸ ಗವರ್ನರ ಕಾಲರಿನ ಪಕ್ಕ,
ಗಾಜಿನ ಒಳಮೈಯಲ್ಲಿ,
ನನ್ನ ಹೆಬ್ಬೆಟ್ಟು.

ಅವಳೂ ನೋಡಿದಳು. ಇಕ್ಕಳದ ಕಡೆ ಕೈ ಹೋಯಿತು,
ಅರ್ಧಕ್ಕೇ ನಿಂತಿತು.
"ಇರಲಿ ಬಿಡು," ಅಂದಳು,
"ನಾಲ್ಕು ವರ್ಷ ತಾನೇ."