ಒಂದೇ ತಗಡು

ಆರೂ ಅದ, ಒಂಬತ್ತೂ ಅದ.
ಎರಡೂ ತುದಿಗೆ ತೂತು ಹೊಡದ ತಗಡು,
ತಿರುವಿ ಮೊಳಿಗೆ ಹಾಕಿದ್ರ ಆತು.
ನಮ್ಮ ಮೈದಾನದ ಫಲಕಕ್ಕ
ಆ ವರ್ಷ ಅಷ್ಟ ರೊಕ್ಕ ಮಂಜೂರಾಗಿತ್ತು.

ಫಲಕ ಮೌಲಾಸಾಬಂದು, ಪುಸ್ತಕ ನಂದು.
ರೈಲ್ವೆ ವರ್ಕ್‌ಶಾಪಿನ ಗುಮಾಸ್ತ ನಾ,
ರಜಾ ಹಾಕಿ ಬಂದು ರನ್ ಬರಿಯಾಂವ:
ಚುಕ್ಕಿ, ಒಂದು, ಚುಕ್ಕಿ, ನಾಕು.
ಕೆಂಪು ಶಾಯಿ ವಿಕೆಟ್ಟಿಗೆ ಅಷ್ಟ.

ಪರದೇಶದ ತಂಡ ಬಂದಿತ್ತು
ಮೂಗಿಗೆ ಸುಣ್ಣ ಬಳಕೊಂಡು.
ಹುಬ್ಬಳ್ಳಿಗೆ ಹುಬ್ಬಳ್ಳೀನ ಬೇಲಿಗೆ ಜೋತುಬಿದ್ದಿತ್ತು.
ನಮ್ಮ ಗುತ್ತಲ ಪ್ರಹ್ಲಾದ ಆಡಾಕತ್ತಿದ್ದ.
ಅರವತ್ತಾರು.

ಅಷ್ಟರಾಗ ಚಿಟಗುಪ್ಪಿ ದವಾಖಾನಿಯಿಂದ
ಸೈಕಲ್ ಮ್ಯಾಲೆ ಒಬ್ಬ ಹುಡುಗ,
ಫಲಕದ ಹಿಂದ ನಿಂತು ಒದರಿದ:
"ಚಾಚಾ, ಹೆಣ್ಣು! ಇಬ್ರೂ ಆರಾಮ ಅದಾರ!"
ಮೌಲಾಸಾಬನ ಕೈಯಾಗಿದ್ದ ಎರಡೂ ತಗಡು
ತೆಳಗ ಮ್ಯಾಲಾಗಿ ಮೊಳಿ ಏರಿದವು.

ತೊಂಬತ್ತೊಂಬತ್ತು.

ಮಂದಿ ಎದ್ದು ನಿಂತಿತು. ಗಿರ್ಮಿಟ್ ಮಾರಾಂವ
ಬುಟ್ಟಿ ಬಿಟ್ಟು ಸಿಳ್ಳಿ ಹೊಡದ.
ತನ್ನ ರನ್ ತಾ ಎಂದೂ ಎಣಿಸಿದಾಂವಲ್ಲ ಗುತ್ತಲ.
ಒಮ್ಮೆ ತಿರುಗಿ ಫಲಕ ನೋಡಿದ,
ಬ್ಯಾಟು ಕಲ್ಲಾತು.
ಒಗ್ಗರಣಿ ಸಾಸಿವಿ ಚೆಲ್ಲಿಧಂಗ
ನನ್ನ ಹಾಳಿ ಮ್ಯಾಲೆ ಹದಿನೇಳು ಚುಕ್ಕಿ.

ನಾ ಕಂಡಿದ್ದೆ.
ಮೇಜಿನ ಮ್ಯಾಲೆ ಬಿಳಿ ಕರವಸ್ತ್ರ ಇತ್ತು,
ಎತ್ತಿ ಬೀಸಿದ್ರ ಸಾಕಿತ್ತು.
ಮೌಲಾಸಾಬ ಏಣಿ ಮ್ಯಾಲೆ ನಿಂತು ಅಳಾಕತ್ತಿದ್ದ,
ಮಂದಿ ಚಪ್ಪಾಳಿ ಮಗಳಿಗೇ ಅಂತ ತಿಳಕೊಂಡು.
ಹೆಂಗ ಬೀಸಲಿ?

ಹದಿನೆಂಟನೇ ಚೆಂಡಿಗೆ, ಇಲ್ಲದ ರನ್ನಿಗೆ ಓಡಿದ ಗುತ್ತಲ.
ನಡುಪಿಚ್ಚಿನ್ಯಾಗ ಕಾಲು ಸೋತವು.
ಕೆಂಪು ಶಾಯಿ ಅದ್ದಿದೆ:
ರನೌಟ್, ಅರವತ್ತಾರು.

ಪುಸ್ತಕ ಸುಳ್ಳು ಹೇಳಿಲ್ಲ. ಪೂರಾನೂ ಹೇಳಿಲ್ಲ.

ಈಗ ಅಲ್ಲಿ ಕರೆಂಟಿನ ಫಲಕ ಬಂದೈತಿ,
ಚೆಂಡು ಗೆರಿ ದಾಟೂದರಾಗ ಲೆಕ್ಕ ಹೊಳಿತೈತಿ.
ದಾಖಲೆ ಕೇಳಾಕ ಹುಡುಗರು ಬಂದಾಗ
ದೊಡ್ಡ ಸ್ಕೋರು, ಸಣ್ಣ ಸ್ಕೋರು, ಹ್ಯಾಟ್ರಿಕ್ಕು,
ಎಲ್ಲಾ ಓದಿ ಹೇಳತೀನಿ.
ಆ ಹಾಳಿ ಬಂದ್ರ ಬೆರಳಿಗೆ ಉಗುಳು ಹಚ್ಚಿ
ಎರಡು ಕೂಡೇ ತಿರುವತೀನಿ.

ಗುತ್ತಲಂದು ಕೊಪ್ಪಿಕರ ರಸ್ತೆದಾಗ ಕನ್ನಡಕದ ಅಂಗಡಿ.
ನನ್ನ ಕಣ್ಣು ತಪಾಸ್ ಮಾಡುವಾಗ ಹಲಗಿ ತೋರಿಸಿ
"ಕಡೀ ಸಾಲು ಏನೈತಿ?" ಅಂತಾನ.
"ಆರು," ಅಂತೀನಿ.
"ಖರೇನ?" ಅಂತಾನ.

ಮೌಲಾಸಾಬನ ತಗಡು ಎರಡೂ
ಗಣೇಶಪೇಟಿ ಓಣ್ಯಾಗ, ಮಗಳ ಮನಿ ಬಾಗಲಿಗೆ
ಒಂದೊಂದ ಮೊಳಿಗೆ ಜೋತುಬಿದ್ದಾವ.
ಗಾಳಿ ಬಂದ್ರ ತಿರಗತಾವ.
ಅಂಚಿಯಾಂವ ನಂಬರ್ ನೋಡೂದು ಬಿಟ್ಟಾನ,
ಹೆಸರು ಹಿಡದು ಕೂಗತಾನ.