ಒಣ ತೂಕ

ಇನ್ನು ಮೂರು ವಾರ. ಓಟ ಇಳಿಸು, ಎಂದ ಖಲ್ಫಾನ್.
ಓಡಲು ಕಲಿಸಿದವನೇ ಈಗ ಕೂರಲು ಕಲಿಸುತ್ತಿದ್ದಾನೆ:
ವಾರಕ್ಕೆ ನೂರರಿಂದ ಅರವತ್ತು, ಅರವತ್ತರಿಂದ ಮೂವತ್ತು,
ಕೊನೆಗೆ ಬರೀ ನಡಿಗೆ, ಫಲಜಿನ ದಂಡೆಗುಂಟ
ಖರ್ಜೂರದ ನೆರಳಲ್ಲಿ, ಮದುವೆ ಗೊತ್ತಾದವಳ ಹಾಗೆ.

ನನ್ನ ಕಾಲುಗಳು ಕೇಳುವುದಿಲ್ಲ.
ನಸುಕಿನ ಮೂರಕ್ಕೆ ತಾವೇ ಎದ್ದು
ಹಾಲು ಬಿಡಿಸಿದ ಕರುವಿನಂತೆ ಮಂಚಕ್ಕೆ ಗುದ್ದುತ್ತವೆ.
ಕಿಟಕಿಯಾಚೆ ನಿಜ್ವಾ ಮಲಗಿದೆ. ಕೋಟೆಯ ದೀಪ. ಅದರ ಹಿಂದೆ
ಕತ್ತಲೆಗಿಂತ ಒಂದು ಪದರ ಹೆಚ್ಚು ಕಪ್ಪಾಗಿ ಬೆಟ್ಟ.
ಇಲ್ಲದ ನೋವುಗಳು ಬರುತ್ತವೆ ಒಂದೊಂದೇ, ನೆಂಟರ ಹಾಗೆ:
ಎಡ ಮಂಡಿ, ಬಲ ಹಿಮ್ಮಡಿ,
ನಿನ್ನೆ ಒಂದು ಸೀನು; ಸೀನಿಗೂ ಹೆದರಿದೆ.
"ಕಾಲಲ್ಲಿ ಚಕ್ರ ಇಟ್ಕೊಂಡೇ ಹುಟ್ಟಿದೀಯ" ಎನ್ನುತ್ತಿದ್ದಳು ಅವ್ವ.
ಚಕ್ರ ಬಿಚ್ಚಿಟ್ಟು ಮಲಗುವುದು ಹೇಗೆಂದು ಹೇಳಲಿಲ್ಲ.

ಏಳಕ್ಕೆ ಡ್ಯೂಟಿ. ಡಯಾಲಿಸಿಸ್ ಕೋಣೆ, ಹನ್ನೆರಡು ಕುರ್ಚಿ.
ಐದನೆಯದರಲ್ಲಿ ಹಮೂದ್, ಮಿಸ್ಫಾದವರು, ಎಪ್ಪತ್ತೊಂದು.
ತಕ್ಕಡಿ ಹತ್ತಿಸಿ ಕೇಳುತ್ತೇನೆ: ಮೊನ್ನೆಯಿಂದ ಎಷ್ಟು ನೀರು?
"ಎರಡೂವರೆ ಲೋಟ. ಮತ್ತೆ ಒಂದು ಫಿಂಜಾನ್ ಕಾಫಿ,
ಅದು ಲೆಕ್ಕಕ್ಕಿಲ್ಲ, ಅತಿಥಿ ಬಂದಿದ್ದರು."
ತಕ್ಕಡಿಗೆ ಅತಿಥಿ ಗೊತ್ತಿಲ್ಲ. ಮೂರು ಕಿಲೋ ಹೆಚ್ಚು.
ಸೂಜಿ ಚುಚ್ಚುತ್ತೇನೆ. ನಾಲ್ಕು ಗಂಟೆ
ಆ ಕೈ ಅಲುಗಿಸುವಂತಿಲ್ಲ.

ಉಳಿದ ಕೈಯಿಂದ ಅವರು ಗಾಳಿಯಲ್ಲಿ ದಾರಿ ಬರೆಯುತ್ತಾರೆ,
ಹತ್ತು ವರ್ಷದವರಿದ್ದಾಗ
ದಾಳಿಂಬೆ ಹೊತ್ತ ಕತ್ತೆಯ ಹಿಂದೆ ಇಳಿದ ದಾರಿ:
"ಮೂರನೆಯ ಕಲ್ಲುಗುಪ್ಪೆಯಲ್ಲಿ ಎಡಕ್ಕೆ. ಬಲಕ್ಕೆ ಹೋದವರು
ಹಕ್ಕಿಗಳಾದರೆ ಮಾತ್ರ ಬದುಕುತ್ತಾರೆ.
ಅಲ್‌ಅಲಾನ್ ಮರಗಳು ಶುರುವಾದವೆಂದರೆ ಹೆಚ್ಚಿನ ಏರು ಮುಗಿಯಿತು.
ಅಲ್ಲಿ ಬಂಡೆಯ ಸಂದಿಯಲ್ಲಿ ನೀರಿದೆ. ಕುಡಿ.
ನನ್ನ ಪಾಲಿನದೂ ಕುಡಿ."

ಮನೆಗೆ ಬಂದು ಚೀಲ ಕಟ್ಟುತ್ತೇನೆ, ಬಿಚ್ಚುತ್ತೇನೆ, ಮತ್ತೆ ಕಟ್ಟುತ್ತೇನೆ.
ತಲೆದೀಪ ಎರಡು, ಸೀಟಿ, ಬೆಳ್ಳಿ ಹಾಳೆಯ ಹೊದಿಕೆ,
ಉಪ್ಪಿನ ಮಾತ್ರೆ ಹದಿನೆಂಟು, ಬೀಜ ತೆಗೆದ ಖರ್ಜೂರ,
ಶೇಂಗಾ ಉಂಡೆ, ಎಲ್ಲ ಅಡುಗೆ ತಕ್ಕಡಿಯಲ್ಲಿ
ಗ್ರಾಂ ಲೆಕ್ಕದಲ್ಲಿ ತೂಗಿದ್ದು.
ಚಾಪೆಯ ಮೇಲೆ ಹರಡಿ ನೋಡಿದರೆ
ಉಪ್ಪು, ಖರ್ಜೂರ, ಶೇಂಗಾ, ಬಾಟಲಿ ತುಂಬ ನೀರು:
ಕುರ್ಚಿಯ ಮೇಲೆ ನಾನೇ ಅಂಟಿಸಿದ 'ಬೇಡ' ಪಟ್ಟಿ,
ಹೆಚ್ಚುಕಡಿಮೆ ಅದೇ ಅನುಕ್ರಮ.
ಸ್ವಲ್ಪ ಹೊತ್ತು ಚೀಲ ಮುಟ್ಟಲಿಲ್ಲ.

ಒಂದು ರಾತ್ರಿ ಖಲ್ಫಾನನಿಗೆ ಹೇಳದೆ ಓಡಿದೆ,
ತನೂಫ್ ರಸ್ತೆಗುಂಟ, ನಿಂತ ನೀರಿನ ಟ್ಯಾಂಕರುಗಳ ಸಾಲು ದಾಟಿ.
ಬೆಳಿಗ್ಗೆ ನನ್ನ ನಡಿಗೆ ನೋಡಿಯೇ ಹಮೂದ್ ಕಂಡುಹಿಡಿದರು.
ಅವರೂ ಕದ್ದು ಕುಡಿಯುವವರು ತಾನೆ.
"ಎಷ್ಟು?" ಅಂದರು.
"ಎಂಟು ಕಿಲೋಮೀಟರ್."
"ನಾನು ಒಂದು ಲೋಟ."
ಇಬ್ಬರೂ ಬೇರೆ ಕಡೆ ನೋಡಿದೆವು.

ಬೆಟ್ಟದ ಗಡುವು ಮೂವತ್ತಾರು ಗಂಟೆ, ಎಂದೆ.
ಅವರು ಬೆರಳು ಮಡಿಸಿದರು: ವಾರಕ್ಕೆ ಮೂರು ಸಲ,
ಸಲಕ್ಕೆ ನಾಲ್ಕು ಗಂಟೆ, ಮೂರು ವಾರ.
"ಬಿಂತಿ, ನೀನು ಹೊರಡುವ ಹೊತ್ತಿಗೆ
ನಾನು ಕೂತಲ್ಲೇ ಮುಗಿಸಿರುತ್ತೇನೆ."
ಕಣ್ಣು ಮುಚ್ಚಿದರು. ಪಂಪು ತಿರುಗುತ್ತಿತ್ತು
ಇಷ್ಟಿಷ್ಟೇ, ಕಡಿದಾದ ಏರಿನಲ್ಲಿ
ಮಾತು ಬಿಟ್ಟು ಇಡುವ ಹೆಜ್ಜೆಯ ಹಾಗೆ.

ಗುರುವಾರ. ನಾಳೆ ಹೊರಡುವುದು.
ಕಾಲುಗುರು ಕತ್ತರಿಸಿದೆ. ಆರು ಇವೆ, ನಾಲ್ಕು ಇನ್ನೂ ಬೆಳೆಯಬೇಕು.
ಅಂಗಿಗೆ ನಂಬರು ಚೀಟಿ ಚುಚ್ಚುವಾಗ ನಡುಗಿತು
ದಿನವೂ ಸೂಜಿ ಹಿಡಿವ ಕೈ.
ಶನಿವಾರದ ಪಾಳಿಗೆ ರೆಜಿ ಬರುತ್ತಾಳೆ; ಅವಳಿಗೆ ಬರೆದಿಟ್ಟಿದ್ದೇನೆ:
ಐದನೆಯ ಕುರ್ಚಿ. ಎಡಗೈ. ಒಣ ತೂಕ ಐವತ್ತೆಂಟೂವರೆ.
ಕಾಫಿ ಕೇಳಿದರೆ ಅರ್ಧ ಫಿಂಜಾನ್ ಕೊಡು.
ನನ್ನ ಲೆಕ್ಕಕ್ಕೆ ಬರೆ.